ಪೈಪಿನಲ್ಲಿ ಬಂದ ಕರೆಂಟು

ಮೂರನೇ ಮಹಡಿಯವರು ಅವತ್ತು ಬೆಳಿಗ್ಗೆ ಗೋಡೆ ಪಕ್ಕದ ಮೇಜುಗಳನ್ನೆಲ್ಲ ತಾವೇ ಎಳೆದುಕೊಂಡು ಹೋಗಿ ಕಿಟಕಿಯ ಕಡೆ ಗುಡ್ಡೆ ಹಾಕಿ ಕೂತಿದ್ದರು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುತ್ತಿತ್ತು. ನಾನು ಲಿಫ್ಟಿನಿಂದ ಹೊರಗೆ ಕಾಲಿಟ್ಟಿದ್ದೇ ತಡ, ಎಲ್ಲರೂ ಒಟ್ಟಿಗೇ ಬಾಯಿ ತೆರೆದರು.

"ಮೇಡಂ, ಆ ಗೋಡೆಯಿಂದ ರೇಡಿಯೇಶನ್ ಬರ್ತಿದೆಯಂತೆ!"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಿದಾರೆ."

ಈ 'ಎಲ್ರೂ' ಎನ್ನುವ ಆಸಾಮಿಯನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಕೈಗೆ ಸಿಕ್ಕಿದರೆ ಸರಿಯಾಗಿ ವಿಚಾರಿಸಿಕೊಳ್ಳುತ್ತೇನೆ. ಆ ಕಟ್ಟಡದ ಕರೆಂಟಿನ ಉಸ್ತುವಾರಿ ನನ್ನದು. ನೆಲಮಾಳಿಗೆಯ ಟ್ರಾನ್ಸ್‌ಫಾರ್ಮರಿನಿಂದ ಹಿಡಿದು ತಾರಸಿಯ ಕೆಂಪು ದೀಪದ ತನಕ ಏನು ಕೆಟ್ಟರೂ ಬೈಗುಳ ನನ್ನ ತಲೆಗೇ. ಕೆಡದೆ ಇದ್ದರೆ ಮಾತ್ರ ನಾನೊಬ್ಬಳು ಇದ್ದೇನೆ ಎನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಅಲ್ಲಿಗೆ ನಾನು ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕೋಪ ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮಣ್ಣ ಚಿಕ್ಕಂದಿನಿಂದ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು.

ಅಣ್ಣನ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಅವನು ಅದೇ ಕಟ್ಟಡದ ಎಲೆಕ್ಟ್ರಿಷಿಯನ್. ಕಟ್ಟಡ ಎದ್ದಾಗಿನಿಂದ ಅಲ್ಲಿದ್ದವನು. ಅಪ್ಪ ಹೋದ ಮೇಲೆ ಮನೆ ಮನೆಗೆ ವೈರ್ ಎಳೆದು ನನ್ನನ್ನು ಇಂಜಿನಿಯರಿಂಗ್ ಓದಿಸಿದವನೂ ಅವನೇ. ಈಗ ಲೆಕ್ಕಕ್ಕೆ ನಾನು ಅವನ ಮೇಲಿನವಳು. ಜನರ ಎದುರಿಗೆ "ಏನ್ ಅಪ್ಪಣೆ ಮೇಡಂ?" ಎಂದು ಸೊಂಟ ಬಗ್ಗಿಸಿ ಕೇಳಿ, ಅವರು ಆ ಕಡೆ ತಿರುಗಿದ ಕೂಡಲೇ ನನ್ನ ನೆತ್ತಿಗೆ ಒಂದು ಮೊಟಕುತ್ತಿದ್ದ.

ಗೋಡೆಯ ಗಲಾಟೆ ಶುರುವಾಗಿದ್ದು ಫೋನಕ್ಕನಿಂದ. ಫೋನಕ್ಕ ಎಂದರೆ ಆ ಮಹಡಿಯಲ್ಲಿ ಗ್ರಾಹಕರ ಫೋನು ತೆಗೆದುಕೊಳ್ಳುವ ಹೆಂಗಸು, ನನಗಿಂತ ದೊಡ್ಡವರು. ಅವರ ಕಿವಿ ಸ್ವಲ್ಪ ಮಂದ. ಕಿವಿಗೆ ಹಾಕಿಕೊಳ್ಳುವ ಮಷಿನ್ನಿನಲ್ಲಿ ಫೋನಿಗೆಂದೇ ಬೇರೆ ಗುಂಡಿ ಇದೆ. ಅದನ್ನು ಒತ್ತಿದರೆ ಹೊರಗಿನ ಗದ್ದಲ ನಿಂತು ಫೋನಿನೊಳಗಿನ ಮಾತು ಮಾತ್ರ ಕೇಳುತ್ತದೆ. ಒಂದಷ್ಟು ಕಾಲದಿಂದ ಆ ಗುಂಡಿ ಒತ್ತಿದರೆ ಸಾಕು, ಮಾತಿನ ಜೊತೆಗೆ ಗುಂಯ್ ಎನ್ನುವ ಸದ್ದೂ ಬರುತ್ತಿತ್ತಂತೆ.

"ನಾನು ರೇಡಿಯೇಶನ್ ಅನ್ನೋ ಮಾತೇ ಎತ್ತಿಲ್ಲಮ್ಮ," ಎಂದರು ಫೋನಕ್ಕ. "ಗುಂಯ್ ಅಂತಿದೆ ಅಂದೆ, ಅಷ್ಟೆ. ಊಟದ ಹೊತ್ತಿಗೆ ಅದು ರೇಡಿಯೇಶನ್ ಆಯ್ತು. ಸಾಯಂಕಾಲದ ಹೊತ್ತಿಗೆ ನನಗೆ ಯಾವ ಆಸ್ಪತ್ರೆ ಒಳ್ಳೇದು ಅಂತ ಮಾತಾಡ್ಕೊಳ್ತಿದ್ರು!"

ಆ ಮಹಡಿಯ ಮ್ಯಾನೇಜರಿಗೆ ನಾವಿಟ್ಟ ಹೆಸರು ಆಯ್ತಾಯ್ತು. ಏನು ಕೇಳಿದರೂ ಆ ಮನುಷ್ಯ "ಆಯ್ತು ಆಯ್ತು" ಎನ್ನುತ್ತಾನೆ, ಆಮೇಲೆ ಏನೂ ಆಗುವುದಿಲ್ಲ. ಕೆಟ್ಟವನಲ್ಲ. ಆದರೆ ಜನ ಮೇಜು ಎಳೆದುಕೊಂಡು ಓಡಾಡಿದ್ದಕ್ಕೆ ಹೆದರಿ, ನನ್ನನ್ನು ಒಂದು ಮಾತೂ ಕೇಳದೆ ಗೋಡೆಯುದ್ದಕ್ಕೂ ಉಕ್ಕಿನ ತಗಡು ಹೊಡೆಸಿಬಿಟ್ಟ. ತಗಡು ಥಳಥಳ ಹೊಳೆಯುತ್ತಿತ್ತು. ಜನಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಅದರ ಮುಂದೆ ನಿಂತು ತಲೆ ಬಾಚಿಕೊಳ್ಳಲು ಶುರು ಮಾಡಿದರು.

ನಾನು ಕಾಂತಕ್ಷೇತ್ರ ಅಳೆಯುವ ಮೀಟರನ್ನು ತಗಡು ಹೊಡೆಯುವ ಮೊದಲೂ ಹಿಡಿದಿದ್ದೆ, ಹೊಡೆದ ಮೇಲೂ ಹಿಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇರಲಿಲ್ಲ. ಮನುಷ್ಯರಿಗೆ ಇದಕ್ಕಿಂತ ಹೆಚ್ಚು ಬೇಡ ಎಂದು ನಿಯಮದಲ್ಲಿರುವ ಮಿತಿಗಿಂತ ಅದು ಎಲ್ಲೋ ಕೆಳಗಿತ್ತು. "ಯಾರಿಗೂ ಏನೂ ಆಗಲ್ಲ, ಸುಮ್ನೆ ಕೂತ್ಕೊಳ್ಳಿ" ಎಂದು ಗಂಟಲು ಹರಿಯುವಂತೆ ಹೇಳಿದೆ. ಅದು ನಿಜವೂ ಆಗಿತ್ತು. ಆದರೆ ನನ್ನ ತಲೆಗೆ ಹುಳ ಬಿಟ್ಟಿದ್ದು ಬೇರೆ ವಿಷಯ.

ಗೋಡೆಯ ಹಿಂದೆ ಆ ಮಹಡಿಯ ಪ್ಯಾನೆಲ್ ಕೋಣೆಯಿದೆ. ಮೀಟರಿನ ಮುಳ್ಳು ಅಲ್ಲಿ ಮಾತ್ರ ಎದ್ದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೋಣೆಯಿಂದ ದೂರ ಹೋದ ಹಾಗೆ ಅದು ಬಿದ್ದು ಹೋಗಬೇಕಿತ್ತು. ಬೀಳಲಿಲ್ಲ. ಕರೆಂಟು ಒಂದು ವೈರಿನಲ್ಲಿ ಹೋಗಿ ಪಕ್ಕದ ವೈರಿನಲ್ಲೇ ವಾಪಸ್ ಬರುವ ತನಕ, ಹೋಗುವುದರ ಪ್ರಭಾವವನ್ನು ಬರುವುದು ಹೊಡೆದು ಹಾಕುತ್ತದೆ. ಹೋದದ್ದು ಒಂದು ದಾರಿ, ಬಂದದ್ದು ಇನ್ನೊಂದು ದಾರಿ ಎಂದಾದರೆ ಮಾತ್ರ ಮುಳ್ಳು ಹೀಗೆ ಉದ್ದಕ್ಕೂ ಎದ್ದು ನಿಲ್ಲುತ್ತದೆ. ಅಂದರೆ ಆ ಮಹಡಿಯ ಕರೆಂಟು ಮನೆಗೆ ಹಿಂತಿರುಗಲು ಬೇರೆ ಯಾವುದೋ ದಾರಿ ಹಿಡಿದಿತ್ತು. ಗುಂಯ್ ಎನ್ನುವ ಆ ಸದ್ದು ಯಾರಿಗೂ ರೋಗ ತರುತ್ತಿರಲಿಲ್ಲ, ಚಾಡಿ ಹೇಳುತ್ತಿತ್ತು.

"ಅಕ್ಕಾ, ನಿಮ್ ಕಿವಿ ಸ್ವಲ್ಪ ಸಾಲ ಕೊಡಿ," ಎಂದೆ.

ಫೋನಕ್ಕ ಗುಂಡಿ ಒತ್ತಿಕೊಂಡು ಎದ್ದರು. ನಾನು ಮೀಟರ್ ಹಿಡಿದು ಮುಂದೆ, ಅವರು ತಲೆ ಓರೆ ಮಾಡಿಕೊಂಡು ಹಿಂದೆ. "ಇಲ್ಲಿ ಜೋರು... ಇಲ್ಲಿ ಕಮ್ಮಿ... ಅಯ್ಯಪ್ಪಾ, ಇಲ್ಲಿ ಕಿವಿ ಹಾರಿ ಹೋಗ್ತಿದೆ!" ಎನ್ನುತ್ತ ಅವರು ನಿಂತದ್ದು ಹೆಂಗಸರ ಟಾಯ್ಲೆಟ್ಟಿನಲ್ಲಿ, ಕೈ ತೊಳೆಯುವ ಬೇಸಿನ್ನಿನ ಮುಂದೆ. ಮೀಟರೂ ಅದನ್ನೇ ಹೇಳುತ್ತಿತ್ತು. ಬೇಸಿನ್ನಿನ ಪಕ್ಕದಲ್ಲಿ ನೆಲದಿಂದ ಚಾವಣಿಗೆ ಹೋಗುವ ಹಳೇ ಕಬ್ಬಿಣದ ನೀರಿನ ಪೈಪು. ಅದರ ಜಾಯಿಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗೆ ಯಾರೋ ಬಕೆಟ್ ಇಟ್ಟಿದ್ದರು. ನಾನು ಇಕ್ಕಳದಂತೆ ಬಾಯಿ ತೆರೆಯುವ ಇನ್ನೊಂದು ಮೀಟರನ್ನು ತಂದು ಪೈಪಿಗೆ ಕಚ್ಚಿಸಿದೆ. ಅದು ತೋರಿಸಿದ ಅಂಕಿಯನ್ನು ಎರಡೆರಡು ಸಲ ಓದಿದೆ. ಮೂರನೇ ಮಹಡಿಯ ಹೆಚ್ಚುಕಮ್ಮಿ ಎಲ್ಲ ಕರೆಂಟೂ ಆ ನೀರಿನ ಪೈಪಿನಲ್ಲಿ ಇಳಿದು ಹೋಗುತ್ತಿತ್ತು.

"ಮುಟ್ಟಿದ್ರೆ ಹೊಡೆಯುತ್ತಾ?" ಎಂದರು ಫೋನಕ್ಕ, ಒಂದು ಹೆಜ್ಜೆ ಹಿಂದೆ ಸರಿದು.

"ಇಲ್ಲಕ್ಕ. ಪೈಪು ಹೀಗೇ ಇರೋ ತನಕ ಏನೂ ಮಾಡಲ್ಲ."

ಹೀಗೇ ಇರುವ ತನಕ. ಅದನ್ನು ಯಾರಾದರೂ ಕೊಯ್ದು ಎರಡು ತುಂಡನ್ನು ಎರಡು ಕೈಯಲ್ಲಿ ಹಿಡಿದರೆ, ಆಮೇಲೆ ಕರೆಂಟು ಹೋಗುವ ದಾರಿ ಆ ಮನುಷ್ಯನೇ. ಇದನ್ನು ಫೋನಕ್ಕನಿಗೆ ಹೇಳಲಿಲ್ಲ. ಟಾಯ್ಲೆಟ್ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಜೇಬಿಗಿಳಿಸಿದೆ.

ಪ್ಯಾನೆಲ್ ಬಾಗಿಲು ತೆಗೆದು ಬ್ಯಾಟರಿ ಬಿಟ್ಟು ನೋಡಿದಾಗ ಕಾರಣ ಸಿಕ್ಕಿತು. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ಪಟ್ಟಿಯಿಂದ, ನೀರಿನ ಪೈಪಿಗೂ ನೆಲಕ್ಕೂ ಜೋಡಿಸಿರುವ ಅರ್ತಿಂಗ್ ಪಟ್ಟಿಗೆ ದಪ್ಪನೆಯ ಒಂದು ತುಂಡು ವೈರ್. ಯಾವ ನಕ್ಷೆಯಲ್ಲೂ ಇಲ್ಲದ್ದು, ಇರಕೂಡದ್ದು. ಅವಸರದಲ್ಲಿ ಸಿಕ್ಕಿಸಿದ್ದಾಗಿರಲಿಲ್ಲ, ಅಳೆದು ಬಗ್ಗಿಸಿ, ಎರಡೂ ತುದಿಗೆ ಒಪ್ಪವಾಗಿ ಬಳೆಯಂಥ ತಾಮ್ರದ ಲಗ್ ಕೂರಿಸಿ, ಸ್ಕ್ರೂಗಳ ಸೀಳು ಒಂದೇ ದಿಕ್ಕಿಗೆ ಬರುವ ಹಾಗೆ ಬಿಗಿದಿದ್ದ ಕೆಲಸ. ಸ್ಕ್ರೂ ಸೀಳನ್ನು ಹಾಗೆ ಒಂದೇ ದಿಕ್ಕಿಗೆ ನಿಲ್ಲಿಸುವವನನ್ನು ನಾನು ಜೀವಮಾನದಲ್ಲಿ ಒಬ್ಬನನ್ನೇ ನೋಡಿದ್ದೇನೆ. ಪ್ಯಾನೆಲ್ ಬಾಗಿಲು ಹಾಕಿ ನೆಲಮಾಳಿಗೆಗೆ ಇಳಿದೆ.

ಅಣ್ಣ ನೆಲಮಾಳಿಗೆಯ ತನ್ನ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ. ನನ್ನ ಮುಖ ನೋಡಿದವನೇ ತುತ್ತು ಕೆಳಗಿಟ್ಟ.

"ಮೂರನೇ ಮಹಡಿ ಪ್ಯಾನೆಲ್ ನೋಡಿ ಬಂದೆ," ಎಂದೆ.

ಅವನು ಡಬ್ಬಿಯ ಮುಚ್ಚಳ ಮುಚ್ಚಿದ. "ಬಾಗಿಲು ಹಾಕು."

"ನಿನಗೇನು ತಲೆಗಿಲೆ ಕೆಟ್ಟಿದೆಯೇನೋ? ಆ ತುಂಡು ಅಲ್ಲಿ ಹಾಕ್ಬಾರ್ದು ಅಂತ ನನಗೆ ಹೇಳಿಕೊಟ್ಟವನೇ ನೀನು!"

"ಕೂಗ್ಬೇಡ ಮೆಣಸಿನಕಾಯಿ. ಕೇಳು ಮೊದಲು."

ಅವನು ಹೇಳಿದ್ದು ಇಷ್ಟು. ನಾನು ಅಲ್ಲಿಗೆ ಬರುವುದಕ್ಕೆ ಮೊದಲೇ, ಮಹಡಿಗೆ ಬರುವ ನ್ಯೂಟ್ರಲ್ ಕೇಬಲ್ಲಿನ ಜಾಯಿಂಟು ಕಾದು ಕಾದು ಸುಡಲು ಶುರುವಾಗಿತ್ತು. ಅದನ್ನು ಬಿಚ್ಚಿ ಹೊಸದಾಗಿ ಮಾಡಬೇಕೆಂದರೆ ಇಡೀ ಕಟ್ಟಡವನ್ನು ಒಂದು ದಿನ ಆರಿಸಬೇಕು. ಅದಕ್ಕೆ ಒಪ್ಪಿಗೆ ಕೊಡಬೇಕಾದ ಆಯ್ತಾಯ್ತುವಿನ ಹತ್ತಿರ ಹೋಗಿ ಕೇಳಿದ. ಮತ್ತೆ ಕೇಳಿದ. "ಆಯ್ತು ಆಯ್ತು, ನೋಡೋಣ." ಅಷ್ಟರಲ್ಲಿ ಒಂದು ಮಧ್ಯಾಹ್ನ ಜಾಯಿಂಟು ಪೂರ್ತಿ ಕೈ ಕೊಟ್ಟು, ಮಹಡಿಯ ಅರ್ಧದಷ್ಟು ಕಂಪ್ಯೂಟರುಗಳು ಪಟಪಟನೆ ಸುಟ್ಟುಹೋದವು. ಅದೇ ಆಯ್ತಾಯ್ತು ಜನರೆದುರು ನಮ್ಮಣ್ಣನ ಮಾನ ಹರಾಜು ಹಾಕಿ, ಹತ್ತು ನಿಮಿಷದಲ್ಲಿ ಲೈಟ್ ಬರಬೇಕು ಎಂದ. ಅಣ್ಣ ಆ ತುಂಡು ಹಾಕಿದ. ಲೈಟ್ ಬಂತು. ಆಮೇಲೆ ಜಾಯಿಂಟಿನ ವಿಷಯ ಕೇಳುವವರೇ ಇಲ್ಲವಾದರು.

"ನಾನು ಬಂದ ಮೇಲಾದರೂ ಹೇಳ್ಬಹುದಿತ್ತಲ್ಲ?"

"ಏನಂತ ಹೇಳ್ಲಿ ನಿನಗೆ?" ಅವನ ದನಿ ಸಣ್ಣಗಾಯಿತು. "ನಾಚಿಕೆ ಆಯ್ತು ಕಣೇ. ನಿನ್ನ ಮುಂದೆ ಹೇಗೆ ಹೇಳೋದು?"

ಬೈಯಬೇಕೆಂದು ಬಾಯಿ ತುಂಬ ಮಾತು ತುಂಬಿಕೊಂಡು ಬಂದವಳು ನಾನು. ಅವನ ಎದುರಿಗೆ ಕೂತುಬಿಟ್ಟೆ. ವಿಷಯ ಹೊರಗೆ ಬಿದ್ದರೆ ಅವನ ವೈರ್‌ಮನ್ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಆ ಲೈಸೆನ್ಸ್ ಬಿಟ್ಟರೆ ಅವನ ಹತ್ತಿರ ಇನ್ನೇನಿದೆ? ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಅದು ಅವನಿಗೆ ಹೊಟ್ಟೆಪಾಡು ಮಾತ್ರ ಆಗಿರಲಿಲ್ಲ. ಬೇರೆ ಕಟ್ಟಡದವರು ಕೂಡ ಗಂಟು ಬಿದ್ದ ಕೆಲಸಕ್ಕೆ ಅವನನ್ನೇ ಕರೆಯುತ್ತಿದ್ದರು, ಅವನು ಎದೆ ಸೆಟೆಸಿಕೊಂಡು ಹೋಗುತ್ತಿದ್ದ.

"ಭಾನುವಾರದ ತನಕ ಟೈಮ್ ಕೊಡು," ಎಂದ. "ಆಫೀಸ್ ಖಾಲಿ ಇರುತ್ತೆ. ಕಟ್ಟಡ ಆರಿಸೋಕೆ ನೀನು ಪರ್ಮಿಷನ್ ತಗೋ, ನಾನು ಜಾಯಿಂಟ್ ಮಾಡಿ ಆ ತುಂಡು ಕಿತ್ತು ಬಿಸಾಡ್ತೀನಿ. ಅಲ್ಲಿಗೆ ಮುಗೀತು."

"ಪೈಪ್ ಸೋರ್ತಿದೆ. ಟಾಯ್ಲೆಟ್ಟಿಗೆ ಬೀಗ ಹಾಕಿದೀನಿ, ಆದ್ರೂ ಪ್ಲಂಬರ್ ಬಂದ್ರೆ?"

"ಅವನಿಗೆ ಸೋಮವಾರ ಬಾ ಅಂತ ನಾನೇ ಹೇಳ್ತೀನಿ. ಬೀಗದ ಕೈ ನಿನ್ನ ಹತ್ರಾನೇ ಇರ್ಲಿ."

ನಾನು ತಲೆಯಾಡಿಸಿದೆ. ಅವನು ಪ್ಲಂಬರಿಗೆ ಫೋನ್ ಮಾಡಿ ಹೇಳಿದ್ದು ನನ್ನೆದುರಿಗೇ. ಪ್ಲಂಬರೂ ಸರಿ ಎಂದ.

ಆದರೆ ಜೀವಮಾನದಲ್ಲಿ ಯಾವ ಕೆಲಸವನ್ನೂ ಮಾಡಿಸದ ಆಯ್ತಾಯ್ತುವಿಗೆ ಮರುದಿನ ಅದೇನು ಹುರುಪು ಬಂತೋ! ಟಾಯ್ಲೆಟ್ಟಿಗೆ ಬೀಗ ಬಿದ್ದಿದೆ ಎಂದು ಹೆಂಗಸರು ಹೋಗಿ ಜಗಳ ತೆಗೆದಿದ್ದಾರೆ. ಈತ ಪ್ಲಂಬರನ್ನು ತಾನೇ ಕರೆಸಿ, ಸೆಕ್ಯುರಿಟಿಯವನ ಹತ್ತಿರ ಇದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆಸಿ, ಪೈಪು ಬದಲಾಯಿಸು ಎಂದಿದ್ದಾನೆ. ನನಗೆ ಇದ್ಯಾವುದೂ ಗೊತ್ತಿಲ್ಲ. ಭಾನುವಾರದ ಪರ್ಮಿಷನ್ ವಿಷಯ ಮಾತಾಡೋಣವೆಂದು ಮೂರನೇ ಮಹಡಿಗೆ ಬಂದವಳು ಫೋನಕ್ಕನ ಮೇಜಿನ ಹತ್ತಿರ ಒಂದು ಗಳಿಗೆ ನಿಂತಿದ್ದೆ.

"ಅಂತೂ ರಿಪೇರಿ ಶುರು ಮಾಡಿಸಿದ್ರಲ್ಲ, ಪುಣ್ಯ ಬಂತು," ಎಂದರು ಅವರು. "ನನಗೇ ಕೇಳಿಸ್ತಿದೆ, ಗರಗರ ಅಂತ ಕೊಯ್ತಿದಾನೆ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ನನಗೂ ಆ ಸದ್ದು ಕೇಳಿಸಿತು. ಟಾಯ್ಲೆಟ್ ಕಡೆ ಓಡಿ ಕೂಗುವುದೋ, ಪ್ಯಾನೆಲ್ ಕಡೆ ಓಡುವುದೋ? ಪ್ಯಾನೆಲ್ ಹತ್ತಿರವಿತ್ತು. ಮಧ್ಯೆ ಯಾರದೋ ಕುರ್ಚಿ ಅಡ್ಡ ಬಂತು, ಅದನ್ನು ಒದ್ದೆ. ಬಾಗಿಲು ತೆಗೆದವಳೇ ಇಡೀ ಮಹಡಿಯ ಮೇನ್ ಸ್ವಿಚ್ ಕೆಳಗೆಳೆದೆ.

ದೀಪ ಹೋಯಿತು, ಏಸಿ ನಿಂತಿತು, ಎಲ್ಲ ಮೇಜುಗಳಿಂದ ಒಂದೇ ಸಲ "ಅಯ್ಯೋ!" ಎಂದು ಕೂಗೆದ್ದಿತು. ನಾನು ಟಾಯ್ಲೆಟ್ಟಿಗೆ ಓಡಿದಾಗ ಪ್ಲಂಬರ್ ಒದ್ದೆ ನೆಲದಲ್ಲಿ ಮಂಡಿಯೂರಿ ಕೂತು, ಎಡಗೈಯಲ್ಲಿ ಪೈಪು ತಬ್ಬಿ ಹಿಡಿದು, ಬಲಗೈಯಲ್ಲಿ ಬ್ಲೇಡ್ ಆಡಿಸುತ್ತಿದ್ದ. ಪೈಪು ಮುಕ್ಕಾಲು ಪಾಲು ಕೊಯ್ದಾಗಿತ್ತು.

"ಕತ್ತಲೇಲಿ ಹೇಗೆ ಕೆಲ್ಸ ಮಾಡೋದು ಮೇಡಂ? ಲೈಟ್ ಹಾಕ್ಸಿ," ಎಂದ.

ನಾನು ಅವನ ಭುಜ ಹಿಡಿದು ಎಳೆದು ಹೊರಗೆ ಕೂರಿಸಿದೆ. ನನ್ನ ಮುಖ ನೋಡಿ ಅವನೂ ಬ್ಲೇಡ್ ಕೆಳಗೆ ಹಾಕಿದ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಅಣ್ಣ ಬಂದ. ಕೊಯ್ದ ಪೈಪು ನೋಡಿದ, ಪ್ಲಂಬರನ್ನು ನೋಡಿದ, ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟ. ಅವನ ಹಿಂದೆಯೇ ಆಯ್ತಾಯ್ತು, ಅವನ ಹಿಂದೆ ಮಹಡಿಯ ಜನ.

"ಯಾರು ಆರಿಸಿದ್ದು? ಯಾಕೆ?"

ಸ್ವಿಚ್ ತಾನಾಗಿಯೇ ಬಿತ್ತು, ಟ್ರಿಪ್ ಆಯಿತು ಎಂದುಬಿಡಬಹುದಿತ್ತು. ಯಾರೂ ಮರು ಮಾತಾಡುತ್ತಿರಲಿಲ್ಲ. ಆದರೆ ಟ್ರಿಪ್ ಆದರೆ ಸ್ವಿಚ್ ಮತ್ತೆ ಮೇಲೆತ್ತಬೇಕು. ಎತ್ತಿದರೆ ಆ ಸೀಳಿದ ಪೈಪಿನಲ್ಲೇ ಮತ್ತೆ ಕರೆಂಟು. ಈ ಪೈಪಿನಲ್ಲಿ ಇದೆ ಎಂದು ನನಗೆ ಗೊತ್ತು, ಮುಂದಿನ ಸಲ ಇನ್ನೆಲ್ಲಿ ಯಾರು ಏನನ್ನು ಬಿಚ್ಚುತ್ತಾರೋ ಯಾರಿಗೆ ಗೊತ್ತು? ನಾನು ಅಣ್ಣನ ಮುಖ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪ್ಯಾನೆಲ್ಲಿನಲ್ಲಿ ತಪ್ಪು ಜೋಡಣೆ ಇದೆ, ಅದು ಅಣ್ಣ ಹಾಕಿದ್ದು, ಅದು ನನಗೆ ನಿನ್ನೆಯೇ ಗೊತ್ತಾಗಿತ್ತು, ಸರಿ ಮಾಡುವ ತನಕ ಈ ಮಹಡಿಗೆ ಕರೆಂಟು ಕೊಡುವುದಿಲ್ಲ.

ಪ್ಲಂಬರ್ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಯಾರೋ ಅವನಿಗೆ ಕುಡಿಯಲು ನೀರು ತಂದುಕೊಟ್ಟರು.

ಮಾರನೆಯ ದಿನವೇ ವಿಚಾರಣೆ. ಹೆಡ್ ಆಫೀಸಿನಿಂದ ಬಂದ ಹಿರಿಯರೊಬ್ಬರು ಮೇಜಿನ ಆಚೆ ಕೂತಿದ್ದರು. ಈಚೆ ಅಣ್ಣ, ನಾನು, ಆಯ್ತಾಯ್ತು. ಒಂದು ದಿನ ಸುಮ್ಮನಿದ್ದದ್ದಕ್ಕೆ ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅಣ್ಣ ವೈರ್ ಹಾಕಿದ್ದನ್ನು ಒಪ್ಪಿಕೊಂಡ. ಒಂದೇ ಮಾತು ಹೇಳಿದ: "ಕಟ್ಟಡ ಆರಿಸೋಕೆ ನಾನು ಮುಂಚೇನೇ ಕೇಳಿದ್ದೆ ಸಾರ್. ಇವರ ಹತ್ರ ಎಷ್ಟೋ ಸಲ ಕೇಳಿದೆ."

"ನನ್ನ ಹತ್ರ?" ಆಯ್ತಾಯ್ತು ಕಣ್ಣರಳಿಸಿದ. "ನೆನಪೇ ಇಲ್ವಲ್ಲ! ಕೇಳಿದ್ರೆ ನಾನ್ಯಾಕೆ ಬೇಡ ಅಂತೀನಿ?"

ಅವನು ಬೇಕೆಂದೇ ಸುಳ್ಳು ಹೇಳಿದನೋ, ನಿಜವಾಗಿಯೂ ಮರೆತಿದ್ದನೋ, ಇವತ್ತಿಗೂ ನನಗೆ ತಿಳಿಯದು. ಹಿರಿಯರು ನನ್ನ ಕಡೆ ತಿರುಗಿದರು. "ಇವರು ಕೇಳಿದ್ದನ್ನ ನೀವು ನೋಡಿದೀರಾಮ್ಮಾ?"

"ಇಲ್ಲ ಸಾರ್," ಎಂದೆ. "ಆಗ ನಾನು ಇಲ್ಲಿರ್ಲಿಲ್ಲ."

ಅವರು ಸರಿ ಎಂದು ತಲೆಯಾಡಿಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು. ಅಣ್ಣನ ಕೆಲಸ ಆವತ್ತೇ ಹೋಯಿತು, ಲೈಸೆನ್ಸ್ ರದ್ದು ಮಾಡಲು ಮೇಲಕ್ಕೆ ಶಿಫಾರಸು ಹೋಯಿತು. ಭಾನುವಾರ ಬೇರೆ ಯಾರೋ ಬಂದು ಜಾಯಿಂಟು ಮಾಡಿದರು. ಮೀಟರಿನ ಮುಳ್ಳು ಮಲಗಿತು, ಫೋನಕ್ಕನ ಗುಂಯ್ ನಿಂತಿತು, ಮೂರನೇ ಮಹಡಿಯವರು ಇದೆಲ್ಲ ತಗಡಿನ ಮಹಿಮೆ ಎಂದು ನಂಬಿಕೊಂಡು ಮೇಜುಗಳನ್ನು ಮತ್ತೆ ಗೋಡೆ ಪಕ್ಕಕ್ಕೆ ಎಳೆದುಕೊಂಡರು. ನನಗೆ ಅವರ ಜೊತೆ ಜಗಳವಾಡುವ ಮನಸ್ಸೂ ಇರಲಿಲ್ಲ.

ಅಣ್ಣನ ಮನೆಗೆ ಹೋಗಲು ನನಗೆ ಧೈರ್ಯ ಸಾಲದೆ ಒಂದು ವಾರ ಕಳೆಯಿತು. ಹೋದಾಗ ಅತ್ತಿಗೆ ಬಾಗಿಲು ತೆಗೆದು "ಬಾ" ಎಂದರು, ಮೊದಲಿನಂತೆ ಕೈ ಹಿಡಿದು ಒಳಗೆ ಎಳೆಯಲಿಲ್ಲ. ಅಣ್ಣ ಕಿಟಕಿಯ ಹತ್ತಿರ ಕೂತು ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿಕೊಂಡಿದ್ದ. ನಾನು ಎದುರಿಗೆ ನೆಲದ ಮೇಲೆ ಕೂತೆ. ಅವನು ತಲೆಯೆತ್ತದೆ ಸ್ಕ್ರೂ ಬಿಚ್ಚುತ್ತಲೇ ಇದ್ದ.

"ಬೈಯೋದಿದ್ರೆ ಬೈದುಬಿಡೋ," ಎಂದೆ. "ಹೀಗೆ ಇರ್ಬೇಡ. ನಾನು ಸತ್ತೇ ಹೋಗ್ತೀನಿ."

"ಬೈಯೋಕೇನಿದೆ? ಮೇನ್ ಎಳೆದೆ, ಒಳ್ಳೇದು ಮಾಡಿದೆ. ಎಳೀದೆ ಇದ್ದಿದ್ರೆ ಆ ಮನುಷ್ಯ ಹೋಗಿಬಿಡ್ತಿದ್ದ. ನನಗೆ ರಾತ್ರಿಯೆಲ್ಲ ಅವನ ಕೈಯೇ ಕಣ್ಣ ಮುಂದೆ ಬರುತ್ತೆ. ವೈರ್ ನಂದು ಅಂತ ಹೇಳಿದ್ದೂ ಸರೀನೇ. ನಂದೇ ತಾನೇ."

"ಮತ್ತೆ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ನೀನು ಇರ್ಲಿಲ್ಲ, ನಿಜ. ಸುಳ್ಳು ಹೇಳು ಅಂತ ನಾನು ಕೇಳೋನಲ್ಲ. ಆದ್ರೆ ಅವನು ನನ್ನನ್ನ ಸುಳ್ಳುಗಾರ ಮಾಡಿ ಕೂರಿಸಿದ್ನಲ್ಲ, ಆ ದೊಡ್ಡವರ ಮುಂದೆ. 'ನಾನು ನೋಡಿಲ್ಲ, ಆದ್ರೆ ನಮ್ಮಣ್ಣ ಕೇಳಿದೀನಿ ಅಂದ್ರೆ ಕೇಳಿರ್ತಾನೆ' ಅಂತ ಒಂದು ಮಾತು ಬರ್ಲಿಲ್ವಲ್ಲೇ ನಿನ್ನ ಬಾಯಲ್ಲಿ. ಬೀದಿಯಲ್ಲಿ ಹೋಗೋರ ಜೊತೆಯೆಲ್ಲ ಜಗಳ ಆಡೋ ಬಾಯಿ ಅದು."

ನಾನು ಅವನನ್ನು ನಂಬಿದ್ದೆ. ನೆಲಮಾಳಿಗೆಯಲ್ಲಿ ಅವನು ಹೇಳಿದ ಗಳಿಗೆಯಿಂದ, ಒಂದು ಎಳೆಯಷ್ಟೂ ಅನುಮಾನವಿಲ್ಲದೆ ನಂಬಿದ್ದೆ. ಅದನ್ನು ಅವನಿಗೆ ಹೇಳಿದೆ ಕೂಡ, ಅಳುತ್ತ, ಒಂದಕ್ಕೆ ಹತ್ತು ಸಲ. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ನನಗೆ ಹೇಳಿ ಏನು ಬಂತಮ್ಮ ಈಗ?" ಎಂದು, ಮಿಕ್ಸಿಯ ಮುಚ್ಚಳ ಕೂರಿಸತೊಡಗಿದ.